08255ರಿಂದ ಬಂದರೆ ಎತ್ತಬಹುದು

ಗೊತ್ತಿಲ್ಲದ ಮೊಬೈಲ್ ನಂಬರಿಂದ ಕಾಲ್ ಬಂದರೆ ನರಿಕೊಂಬಿನಲ್ಲಿರುವ ನನ್ನ ಅಮ್ಮ ಎತ್ತುವುದಿಲ್ಲ. 08255 ಅಂತ ಕಂಡರೆ ಮಾತ್ರ ಒಲೆ ಸಣ್ಣ ಮಾಡಿ ಓಡ್ತಾರೆ. "ಅದು ನಮ್ಮ ಬಂಟ್ವಾಳದ್ದೇ ಅಲ್ವಾ, ಯಾರಾದ್ರೂ ಗುರ್ತದವ್ರು ಇರ್ತಾರೆ" ಅನ್ನುವುದು ಅವರ ಲಾಜಿಕ್.

ಲಾಜಿಕ್ ತಪ್ಪೇನಲ್ಲ. ದೂರವಾಣಿ ಇಲಾಖೆ ದೇಶವನ್ನು 2,600ಕ್ಕೂ ಹೆಚ್ಚು ಸಣ್ಣ ವಲಯಗಳಾಗಿ ಹಂಚಿ, ಒಂದೊಂದಕ್ಕೂ ಒಂದು ಎಸ್‌ಟಿಡಿ ಕೋಡ್ ಕೊಟ್ಟಿತ್ತು. ಹೆಚ್ಚುಕಡಿಮೆ ತಾಲೂಕಿಗೊಂದು. ಪುತ್ತೂರಿಗೆ 08251, ಬೆಳ್ತಂಗಡಿಗೆ 08256, ಸುಳ್ಯಕ್ಕೆ 08257. ಅದಕ್ಕೂ ಮೊದಲು ಟ್ರಂಕ್ ಕಾಲ್ ಬುಕ್ ಮಾಡಿ ಕಾಯಬೇಕಿತ್ತು. 1960ರ ನವೆಂಬರಿನಲ್ಲಿ ಲಕ್ನೋ-ಕಾನ್ಪುರ ನಡುವೆ ದೇಶದ ಮೊದಲ ಎಸ್‌ಟಿಡಿ ಶುರುವಾಯಿತು. ಅಲ್ಲಿಂದ ಆಪರೇಟರ್ ಮಾಡ್ತಿದ್ದ ಕೆಲಸ ಅಂಕಿಗಳ ಪಾಲಿಗೆ ಬಂತು: ಸೊನ್ನೆ ಅಂದ್ರೆ ಊರಾಚೆಗೆ, ಉಳಿದವು ಯಾವ ಊರಿಗೆ ಅಂತ.

ಸೊನ್ನೆ ಬಿಟ್ಟು ಎಣಿಸಿದರೆ ಒಟ್ಟು ಹತ್ತೇ ಅಂಕಿ. ಬೆಂಗಳೂರಿಗೆ ಜಾಸ್ತಿ ನಂಬರ್ ಬೇಕು, ಹಾಗಾಗಿ ಕೋಡು ಬರೀ 80, ಆಮೇಲೆ ಎಂಟು ಅಂಕಿ. ಮಂಗಳೂರಿಗೆ 824 ಮತ್ತು ಏಳು. ನಮಗೆ 8255 ಮತ್ತು ಆರು. ಊರು ಸಣ್ಣದಾದಷ್ಟೂ ಕೋಡು ಉದ್ದ. ಪೇಟೆಯ ಹೆಸರು ಹೇಳಿದರೆ ಸಾಕು, ಹಳ್ಳಿಯವರು ಮಾತ್ರ ತಾಲೂಕು, ಜಿಲ್ಲೆ ಎಲ್ಲ ಹೇಳಬೇಕು ಅನ್ನುವ ಹಾಗೆ.

ನನಗೆ ಇದರಲ್ಲಿ ಮಜಾ ಅನಿಸುವುದು ಮೂಡುಬಿದಿರೆ. ಅದು ಇರುವುದು ದಕ್ಷಿಣ ಕನ್ನಡದಲ್ಲಿ, ಈಗ ತಾಲೂಕು ಕೇಂದ್ರ ಬೇರೆ. ಆದರೆ ಕೋಡು 08258, ಅಂದರೆ ಕಾರ್ಕಳದ್ದು. ಕಾರ್ಕಳ 1997ರಲ್ಲಿ ಹೊಸ ಉಡುಪಿ ಜಿಲ್ಲೆಗೆ ಹೋಯಿತು, ಕೋಡು ಮಾತ್ರ ಪಾಲಾಗಲಿಲ್ಲ. ಇತ್ತ ಕಾಸರಗೋಡು ನೋಡಿ. ಅದೂ ಒಂದು ಕಾಲಕ್ಕೆ ನಮ್ಮ ದಕ್ಷಿಣ ಕನ್ನಡ ಜಿಲ್ಲೆಯದ್ದೇ. ಆದರೆ 1956ರಲ್ಲೇ ಕೇರಳಕ್ಕೆ ಸೇರಿತ್ತು, ಹಾಗಾಗಿ ಅದರ ಕೋಡು ಕೇರಳದ ಸಾಲಿನ 04994. ದೂರವಾಣಿಯ ನಕ್ಷೆ ಬಿಡಿಸಿದ್ದು ಮೊದಲ ಪಾಲಿನ ನಂತರ, ಎರಡನೆಯದಕ್ಕೆ ಮುಂಚೆ. ಒಂದನ್ನು ಅದು ಒಪ್ಪಿಕೊಂಡಿದೆ, ಇನ್ನೊಂದು ಅದಕ್ಕೆ ಗೊತ್ತೇ ಇಲ್ಲ.

ಮೊಬೈಲಿಗೆ ಊರಿಲ್ಲ. ಅದು ಬಂದು ನಂಬರುಗಳನ್ನೆಲ್ಲ ನುಂಗತೊಡಗಿದಾಗ ಲ್ಯಾಂಡ್‌ಲೈನ್ ಜಾಗ ಬಿಟ್ಟುಕೊಡಬೇಕಾಯಿತು. 2021ರ ಜನವರಿಯಿಂದ ಲ್ಯಾಂಡ್‌ಲೈನಿಂದ ಯಾವ ಮೊಬೈಲಿಗೆ ಮಾಡುವುದಿದ್ದರೂ ಮೊದಲು ಸೊನ್ನೆ ಒತ್ತಬೇಕು. ಅಮ್ಮ ಇದಕ್ಕೆ ಒಂದು ತಿಂಗಳು ಬೈದಿದ್ದರು.

2025ರ ಫೆಬ್ರವರಿಯಲ್ಲಿ ಟ್ರಾಯ್ ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಲ್ಯಾಂಡ್‌ಲೈನ್ ನಂಬರನ್ನು ಸಣ್ಣ ವಲಯದ ಬದಲು ಇಡೀ ರಾಜ್ಯದಂಥ ದೊಡ್ಡ ವಲಯದ ಲೆಕ್ಕದಲ್ಲಿ ಹಂಚಿ ಅಂತ ಶಿಫಾರಸು ಮಾಡಿತು. ಒಂದು ಕಡೆ ನಂಬರ್ ಕೊಳೆಯುತ್ತಿರುತ್ತೆ, ಇನ್ನೊಂದು ಕಡೆ ಸಾಲದು. ಹಾಗಾಗಿ ಶಿಫಾರಸು ಸರಿಯೇ, ಮಾರಾಯ್ರೆ, ನಾನೇ ಆ ಕುರ್ಚಿಯಲ್ಲಿದ್ದರೂ ಅದನ್ನೇ ಬರೀತಿದ್ದೆ. ಹಳೇ ನಂಬರೂ ಬದಲಾಗುವುದಿಲ್ಲ. ಪಕ್ಕದ ಮನೆಗೆ ಮಾಡುವಾಗಲೂ ಸೊನ್ನೆ, ಕೋಡು ಎಲ್ಲ ಒತ್ತಬೇಕು, ಅಷ್ಟೇ. ಆದರೆ ಅದು ಜಾರಿಗೆ ಬಂದರೆ 8255 ಅನ್ನುವುದು ಬರೀ ನಾಲ್ಕು ಅಂಕಿ. ಬಂಟ್ವಾಳದಿಂದಲೇ ಬಂದ ಕಾಲ್ ಅಂತ ಯಾರೂ ಗ್ಯಾರಂಟಿ ಕೊಡುವುದಿಲ್ಲ.

ಹೋದ ವಾರ ಇದನ್ನೆಲ್ಲ ಅಮ್ಮನಿಗೆ ವಿವರಿಸಿದೆ. ಪೂರ್ತಿ ಕೇಳಿಸಿಕೊಂಡು, "ಹಾಗಾದ್ರೆ ಇನ್ನು ಎತ್ತಬೇಕಾ, ಬೇಡ್ವಾ? ಅದನ್ನು ಹೇಳು" ಅಂದರು.

ಸದ್ಯಕ್ಕೆ ಎತ್ತಿ ಅಂದಿದ್ದೇನೆ.