ಮೇದೋರೋಗಕ್ಕೆ ಶ್ರಮವೂ ನೆಲ್ಲಿಯೂ

ಹಾವೇರಿ ಜಿಲ್ಲೆಯ ರಾಣೆಬೆನ್ನೂರು ತಾಲ್ಲೂಕಿನಲ್ಲಿರುವ ಮೇಡ್ಲೇರಿಯ ಸುತ್ತಣ ಸೀಮೆಗೆ ಜೋಳ, ನವಣೆ, ಹುರುಳಿಗಳು ಹಳೆಯ ಪರಿಚಯದ ಧಾನ್ಯಗಳು. ಈ ಮೂರನ್ನೂ ಚರಕಸಂಹಿತೆಯು ಸ್ಥೂಲದೇಹಿಗೆ ಹಿತವಾದ ಆಹಾರಗಳಲ್ಲಿ ಎಣಿಸಿರುವುದು ಗಮನಾರ್ಹವಾಗಿದೆ. ಅಲ್ಲಿಯ ‘ಜೂರ್ಣಾಹ್ವ’ವೆಂದರೆ ಜೋಳ, ‘ಪ್ರಿಯಂಗು’ವೆಂದರೆ ನವಣೆ ಎಂದು ಅರ್ಥಮಾಡುವುದುಂಟು. ವ್ಯಾಯಾಮದೊಡನೆ ಆಂಟಿಆಕ್ಸಿಡೆಂಟ್ ಎಂಬ ಉತ್ಕರ್ಷಣನಿರೋಧಕ ಗುಳಿಗೆಗಳನ್ನೂ ಸೇವಿಸಿದರೆ ಬೊಜ್ಜಿನ ವಿಕಾರಗಳು ತಗ್ಗುವುವೆಂದೂ, ಪ್ರಾಚೀನರ ರಸಾಯನವು ಇದೇ ಎಂದೂ ಇಂದು ಹೇಳುವವರುಂಟು. ಈ ಸಮೀಕರಣವು ಎಷ್ಟರಮಟ್ಟಿಗೆ ನಿಲ್ಲುವುದೆಂಬುದು ವಿಚಾರಾರ್ಹವಾಗಿದೆ.

ಸೂತ್ರಸ್ಥಾನದ 21ನೆಯ ಅಧ್ಯಾಯದಲ್ಲಿ ಚರಕನು ಅತಿಸ್ಥೂಲನನ್ನು ಎಂಟು ಬಗೆಯ ನಿಂದಿತದೇಹಿಗಳಲ್ಲಿ ಗಣಿಸಿ, ಆಯುಷ್ಯದ ಕ್ಷಯ, ಚಲನೆಯ ಮಂದತೆ, ದೌರ್ಬಲ್ಯ, ಅತಿಯಾದ ಹಸಿವು ಬಾಯಾರಿಕೆ ಮೊದಲಾದ ಎಂಟು ದೋಷಗಳನ್ನು ಹೇಳುತ್ತಾನೆ. ಚಿಕಿತ್ಸೆಯಲ್ಲಿ ಅಮೃತಬಳ್ಳಿ, ತ್ರಿಫಲೆ, ಜೇನು ಇವುಗಳಿಗೆ ಸ್ಥಾನವುಂಟು. ಜವೆಗೋದಿಯೊಡನೆ ನೆಲ್ಲಿಯ ಚೂರ್ಣವು ಶ್ರೇಷ್ಠವೆನಿಸಿದೆ. ಜಾಗರಣ, ವ್ಯಾಯಾಮ, ಚಿಂತನಾದಿಗಳನ್ನಾದರೋ ‘ಕ್ರಮೇಣ’ ಹೆಚ್ಚಿಸಬೇಕೆಂದು ವಿಧಿಸಿದೆ. ಸುಶ್ರುತನೂ ವ್ಯಾಯಾಮವನ್ನು ಬಲದ ಅರ್ಧಕ್ಕೆ ಮಿತಿಗೊಳಿಸಿರುವನು.

ನೆಲ್ಲಿಯು ಚಿಕಿತ್ಸಾಸ್ಥಾನದ ರಸಾಯನಪ್ರಕರಣದಲ್ಲಿಯೂ ಬರುತ್ತದೆ. ಆದರೆ ಅಲ್ಲಿಯ ಉದ್ದೇಶವು ದೀರ್ಘಾಯುಸ್ಸು, ಮೇಧೆ, ತಾರುಣ್ಯ. ಇಲ್ಲಿಯದು ಮೇದಸ್ಸನ್ನು ಕುಗ್ಗಿಸುವುದು. ವಸ್ತು ಒಂದೇ ಆದರೂ ಪ್ರಯೋಜನವು ಬೇರೆ. ಆದುದರಿಂದ ರಸಾಯನಶಬ್ದಕ್ಕೆ ಉತ್ಕರ್ಷಣನಿರೋಧಕವೆಂಬ 20ನೆಯ ಶತಮಾನದ ಅರ್ಥವನ್ನು ಆರೋಪಿಸುವುದು ಗ್ರಂಥಸಮ್ಮತವೆನಿಸದು.

ಕನ್ನಡನಾಡಿನ ಸಾಕ್ಷ್ಯವೂ ಇಂತಹ ಎಚ್ಚರಿಕೆಯನ್ನೇ ಕಲಿಸುತ್ತದೆ. ಮೇಡ್ಲೇರಿಯ ಸೀಮೆಯನ್ನೂ ಒಳಗೊಂಡಿದ್ದ ಕಲ್ಯಾಣ ಚಾಲುಕ್ಯರ ರಾಜ್ಯದಲ್ಲಿ, 12ನೆಯ ಶತಮಾನದ ಪೂರ್ವಾರ್ಧದಲ್ಲಿ, ಮೂರನೆಯ ಸೋಮೇಶ್ವರನು ‘ಮಾನಸೋಲ್ಲಾಸ’ವನ್ನು ರಚಿಸಿದನು. ಅದರ ಮಲ್ಲವಿನೋದಪ್ರಕರಣದಲ್ಲಿ ಭಾರ ಹೊರುವ ಶ್ರಮ, ನಡೆದಾಡುವ ಭ್ರಮಣಶ್ರಮ, ನೀರಿನಲ್ಲಿ ಮಾಡುವ ಸಲಿಲಶ್ರಮ ಇವು ಉಕ್ತವಾಗಿವೆ. ಕಡೆಯ ಎರಡು ಇಂದಿನವರು ಏರೋಬಿಕ್ ಎನ್ನುವ ವ್ಯಾಯಾಮಕ್ಕೆ ಸಮೀಪವಾದವು. ಆದರೆ ಮಲ್ಲನಿಗೆ ವಿಧಿಸಿದುದು ಪುಷ್ಟಿಕರವಾದ ಆಹಾರ; ಸ್ಥೂಲನಿಗೆ ಚರಕನು ವಿಧಿಸಿದುದಕ್ಕೆ ನೇರ ವಿರುದ್ಧ. ಶ್ರಮವು ಒಂದೇ ಆದರೂ ಅಧಿಕಾರಿಭೇದದಿಂದ ಪಥ್ಯವು ಬೇರೆಯಾಯಿತು.

ಆಧುನಿಕ ಪರೀಕ್ಷೆಯೂ ಇಲ್ಲಿ ಸ್ಮರಣೀಯ. 2009ರಲ್ಲಿ ಜರ್ಮನಿಯ ಮಿಖಾಯೆಲ್ ರಿಸ್ಟೋ ಮತ್ತು ಸಂಗಡಿಗರು 39 ಮಂದಿ ಆರೋಗ್ಯವಂತ ತರುಣರಿಗೆ 4 ವಾರ ವ್ಯಾಯಾಮ ಮಾಡಿಸಿ, ಕೆಲವರಿಗೆ ಮಾತ್ರ ದಿನಕ್ಕೆ 1000 ಮಿಲಿಗ್ರಾಂ ಸಿ ಜೀವಸತ್ತ್ವವನ್ನೂ 400 ಅಂತರರಾಷ್ಟ್ರೀಯ ಮಾನದ ಇ ಜೀವಸತ್ತ್ವವನ್ನೂ ಕೊಟ್ಟರು. ಇನ್ಸುಲಿನ್‌ಗೆ ದೇಹವು ಸ್ಪಂದಿಸುವ ಶಕ್ತಿಯು ಗುಳಿಗೆಯಿಲ್ಲದವರಲ್ಲಿ ವೃದ್ಧಿಯಾಯಿತು, ಸೇವಿಸಿದವರಲ್ಲಿ ಆಗಲಿಲ್ಲ. ಶ್ರಮದಿಂದ ಹುಟ್ಟುವ ಅಲ್ಪ ಉತ್ಕರ್ಷಣವೇ ದೇಹದ ಸ್ವರಕ್ಷಣಶಕ್ತಿಯನ್ನು ಪ್ರಚೋದಿಸುವುದೆಂಬುದು ಅವರು ನೀಡಿದ ಕಾರಣ. ಮುಂದಿನ ಪರೀಕ್ಷೆಗಳ ಫಲವು ಏಕರೂಪವಾಗಿಲ್ಲವಾದುದರಿಂದ ಇದನ್ನು ಅಂತಿಮ ನಿರ್ಣಯವೆನ್ನಲಾಗದು. ಸ್ಥೂಲರಲ್ಲದವರ ಮೇಲೆ ಕಂಡುದನ್ನು ಸ್ಥೂಲರಿಗೆ ಹಾಗೆಯೇ ಅನ್ವಯಿಸುವುದೂ ಸರಿಯಲ್ಲ.

ಗುಳಿಗೆಗೆ ಪ್ರಾಚೀನರ ಪ್ರಮಾಣವನ್ನು ಹುಡುಕುವವನು ಶಬ್ದವನ್ನಲ್ಲದೆ ಪ್ರಕರಣವನ್ನೂ ಓದಬೇಕು. ಅಲ್ಲಿ ದೊರೆಯುವುದು ಒರಟು ಧಾನ್ಯ, ಮೆಲ್ಲಮೆಲ್ಲನೆ ಏರುವ ಶ್ರಮ, ಅದಕ್ಕೆ ಸಹಾಯಕವಾಗಿ ನೆಲ್ಲಿ. ಶ್ರಮಕ್ಕೆ ಬದಲಾಗಿ ನಿಲ್ಲುವ ಔಷಧವು ಅಲ್ಲಿ ಇಲ್ಲ.