ಮತಪತ್ರದ ಎರಡನೆಯ ಅಂಕಿ

ಹುಣಸೂರು, ಪಿರಿಯಾಪಟ್ಟಣ, ಕೃಷ್ಣರಾಜನಗರ, ಹೆಗ್ಗಡದೇವನಕೋಟೆ: ಈ ನಾಲ್ಕು ಕ್ಷೇತ್ರಗಳ ಜನ ರಾಷ್ಟ್ರಪತಿಯವರನ್ನು ನೇರವಾಗಿ ಆರಿಸುವುದಿಲ್ಲ. ಅವರು ಗೆಲ್ಲಿಸಿ ಕಳುಹಿಸಿದ ನಾಲ್ವರು ಶಾಸಕರು ಅವರ ಪರವಾಗಿ ಮತ ನೀಡುತ್ತಾರೆ. 1971ರ ಜನಗಣತಿಯ ಆಧಾರದ ಮೇಲೆ ಕರ್ನಾಟಕದ ಒಬ್ಬ ಶಾಸಕರ ಮತದ ಮೌಲ್ಯ 131; ನಾಲ್ವರದೂ ಸೇರಿ 524. ಈ ಲೆಕ್ಕದ ಹಿಂದೆ ಒಂದು ಚರಿತ್ರೆಯಿದೆ.

ಅಧ್ಯಕ್ಷನನ್ನು ಜನರೇ ಆರಿಸಬೇಕೆ, ಜನರು ಕಳುಹಿಸಿದವರು ಆರಿಸಬೇಕೆ ಎಂಬ ಪ್ರಶ್ನೆ 1787ರಲ್ಲಿ ಫಿಲಡೆಲ್ಫಿಯದಲ್ಲಿ ಸೇರಿದ್ದ ಅಮೆರಿಕದ ಸಂವಿಧಾನಕಾರರನ್ನು ಬಹುವಾಗಿ ಕಾಡಿತು. ಕೊನೆಗೆ ಅವರು ನಿರ್ವಾಚಕರ ಮಂಡಲವೆಂಬ ನಡುದಾರಿಯನ್ನು ಹಿಡಿದರು. ನಮ್ಮ ಸಂವಿಧಾನ ಸಭೆಯಲ್ಲಿಯೂ ಇದೇ ಪ್ರಶ್ನೆ ಎದ್ದಿತು. ಕೆ.ಟಿ. ಷಾ ನೇರ ಚುನಾವಣೆಯನ್ನು ಬಯಸಿದರು. ನಿಜವಾದ ಅಧಿಕಾರ ಮಂತ್ರಿಮಂಡಲದಲ್ಲಿರುವಾಗ ರಾಷ್ಟ್ರಪತಿಯನ್ನು ದೇಶದ ಎಲ್ಲ ವಯಸ್ಕರಿಂದ ಆರಿಸುವುದು ಹೊಂದದೆಂಬುದು ನೆಹರೂ ಅವರ ವಾದವಾಗಿತ್ತು. ನೆಹರೂ ಅವರ ಮಾತೇ ನಿಂತಿತು. ಆದರೆ ಸಂವಿಧಾನದ 55ನೆಯ ವಿಧಿ ಒಂದು ಹಿರಿದಾದ ವಿವೇಕವನ್ನು ತೋರಿತು: ಮತದಾರನು ಅಭ್ಯರ್ಥಿಗಳನ್ನು ಒಂದು, ಎರಡು, ಮೂರು ಎಂದು ಪ್ರಾಶಸ್ತ್ಯದ ಕ್ರಮದಲ್ಲಿ ಗುರುತಿಸಬಹುದು.

ಆ ವಿವೇಕದ ಪರೀಕ್ಷೆ ನಡೆದದ್ದು 1969ರಲ್ಲಿ. ಬೆಂಗಳೂರಿನಲ್ಲಿ ಸೇರಿದ ಕಾಂಗ್ರೆಸ್ ಹಿರಿಯರು ನೀಲಂ ಸಂಜೀವರೆಡ್ಡಿಯವರನ್ನು ಅಭ್ಯರ್ಥಿಯಾಗಿಸಿದರು. ಆಗ ಪಕ್ಷದ ಅಧ್ಯಕ್ಷರು ನಮ್ಮವರೇ ಆದ ಎಸ್. ನಿಜಲಿಂಗಪ್ಪನವರು. ಪ್ರಧಾನಿ ಇಂದಿರಾ ಗಾಂಧಿಯವರ ಒಲವು ವಿ.ವಿ. ಗಿರಿಯವರ ಕಡೆಗಿತ್ತು. ಗೆಲ್ಲಲು 4,18,169 ಮತಗಳು ಬೇಕಾಗಿದ್ದವು. ಮೊದಲ ಎಣಿಕೆಯಲ್ಲಿ ಗಿರಿಯವರಿಗೆ 4,01,515, ರೆಡ್ಡಿಯವರಿಗೆ 3,13,548, ಸಿ.ಡಿ. ದೇಶಮುಖರಿಗೆ 1,12,769 ಬಂದವು. ಯಾರೂ ಗುರಿ ಮುಟ್ಟಲಿಲ್ಲ. ಕೆಳಗಿನವರ ಮತಪತ್ರಗಳಲ್ಲಿದ್ದ ಮುಂದಿನ ಪ್ರಾಶಸ್ತ್ಯವನ್ನು ಕೂಡಿಸಿದಾಗ ಗಿರಿಯವರು 4,20,077ಕ್ಕೂ ರೆಡ್ಡಿಯವರು 4,05,427ಕ್ಕೂ ಏರಿದರು. ಮುಂದಿದ್ದವರೇ ಗೆದ್ದರು, ನಿಜ. ಆದರೆ ಅರ್ಧಕ್ಕೆ ಮಿಗಿಲಾದ ಒಪ್ಪಿಗೆಯೊಡನೆ ಗೆದ್ದರು. ಆ ವರ್ಷವೇ ಕಾಂಗ್ರೆಸ್ ಒಡೆಯಿತು. ಇಂದಿರಾ ಅವರ ಪಕ್ಷದಲ್ಲಿ ನಿಂತ ಹುಣಸೂರಿನ ದೇವರಾಜ ಅರಸರು 1972ರಲ್ಲಿ ಮುಖ್ಯಮಂತ್ರಿಗಳಾದರು.

ವಿಧಾನ ಪರಿಷತ್ತಿನ ಪದವೀಧರ ಕ್ಷೇತ್ರದ ಮತಪತ್ರದಲ್ಲಿ ನಾನೂ ಒಂದು, ಎರಡು ಎಂದು ಬರೆದಿದ್ದೇನೆ. ಬರೆದು ಹೊರಬಂದಾಗಲೆಲ್ಲ ಒಂದು ಸಂಕೋಚ ನನ್ನನ್ನು ಕಾಡುತ್ತದೆ. ಪಿರಿಯಾಪಟ್ಟಣದ ಹೊಗೆಸೊಪ್ಪಿನ ರೈತನಿಗೆ, ಕೋಟೆಯ ಕಾಡಂಚಿನ ಹಾಡಿಯ ಜೇನುಕುರುಬ ಹೆಣ್ಣುಮಗಳಿಗೆ ಈ ಎರಡನೆಯ ಅಂಕಿ ಏಕಿಲ್ಲ? ವಿಧಾನಸಭೆಗೆ ಮತ ಹಾಕುವಾಗ ಅವರಿಗಿರುವುದು ಒಂದೇ ಗುಂಡಿ. ತಮಗೆ ಮೆಚ್ಚಿನವನು ಗೆಲ್ಲಲಾರನೆನಿಸಿದರೆ, ಮತ ವ್ಯರ್ಥವಾದೀತೆಂದು ಅಂಜಿ ಮೆಚ್ಚದವನಿಗೆ ಒತ್ತಬೇಕು. ಹತ್ತು ಮಂದಿ ಕಣದಲ್ಲಿದ್ದರೆ ಮೂರರಲ್ಲೊಂದು ಪಾಲು ಮತ ಪಡೆದವನೂ ಗೆದ್ದಾನು.

ಅಕ್ಷರ ಬಾರದವರಿಗೆ ಇದು ತೊಡಕಲ್ಲವೆ ಎನ್ನುವವರುಂಟು. ಚಿಹ್ನೆಗಳನ್ನು ಒಂದಾದ ಮೇಲೊಂದರಂತೆ ಒತ್ತುವ ಯಂತ್ರವನ್ನು ಮಾಡುವುದು ಅಸಾಧ್ಯವೇನಲ್ಲ. ನೆರೆಯ ಶ್ರೀಲಂಕಾದ ಸಾಮಾನ್ಯ ಮತದಾರನಿಗೆ ಅಧ್ಯಕ್ಷರ ಚುನಾವಣೆಯಲ್ಲಿ ಈ ಹಕ್ಕು 1982ರಿಂದಲೇ ಇದೆ. 2024ರಲ್ಲಿ ಎರಡನೆಯ ಎಣಿಕೆಯೂ ನಡೆಯಿತು. ಹಣ, ಜಾತಿಗಳ ಪ್ರಭಾವವನ್ನು ಈ ಸುಧಾರಣೆಯೊಂದೇ ತೊಡೆದೀತೆಂದು ನಾನು ಹೇಳಲಾರೆ.

1881ರಲ್ಲಿ ದಿವಾನ್ ರಂಗಾಚಾರ್ಲು ಅವರು ಮೈಸೂರಿನಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ಕೂಡಿಸಿದಾಗ ಅಲ್ಲಿ ಕುಳಿತವರು 144 ಮಂದಿ, ಬಹುಮಟ್ಟಿಗೆ ಜಮೀನುದಾರರು ಮತ್ತು ವರ್ತಕರು. ಅಲ್ಲಿಂದ ಎಲ್ಲ ವಯಸ್ಕರ ಮತದಾನಕ್ಕೆ ಬರಲು ನಮಗೆ ಎಪ್ಪತ್ತು ವರ್ಷ ಹಿಡಿಯಿತು. ಮತ ಎಲ್ಲರ ಕೈಗೂ ಬಂದಿದೆ. ಶಾಸಕನಿಗೂ ಪದವೀಧರನಿಗೂ ನಂಬಿ ಕೊಟ್ಟ ಎರಡನೆಯ ಅಂಕಿ ಮಾತ್ರ ಉಳಿದವರ ಕೈಗೆ ಇನ್ನೂ ಬಂದಿಲ್ಲ.