ಪುಸ್ತಕದ ಗಂಟು ಹೊತ್ತ ಮಾಸ್ತರರು

ನಿವೃತ್ತನಾದ ಮರುವರ್ಷ ನಾನೊಂದು ಸಣ್ಣ ಪುಸ್ತಕವನ್ನು ಅಚ್ಚು ಹಾಕಿಸಿದೆ. ಮುರಗೋಡ ಮತ್ತು ಸುತ್ತಲಿನ ಹಳ್ಳಿಗಳ ಗುಡಿಗುಂಡಾರ, ವೀರಗಲ್ಲು, ಹಳೆಯ ಕೆರೆ-ಬಾವಿ, ಮಠಮಾನ್ಯಗಳ ಬಗ್ಗೆ ಹಿರಿಯರಿಂದ ಕೇಳಿದ್ದನ್ನೂ ಕಣ್ಣಾರೆ ಕಂಡದ್ದನ್ನೂ ಸೇರಿಸಿ ಬರೆದ 96 ಪುಟಗಳ ಹೊತ್ತಿಗೆ. ಅಚ್ಚು ಹಾಕಿಸಿದ್ದು 300 ಪ್ರತಿ. ಮೂವತ್ತು ವರ್ಷಕ್ಕೂ ಮಿಕ್ಕಿ ಮಕ್ಕಳಿಗೆ ಪಾಠ ಹೇಳಿದವನು ನಾನು. ಅವರಲ್ಲಿ ನೂರು ಮಂದಿಯಾದರೂ ಕೊಂಡು ಓದದೆ ಇರಲಾರರು ಎಂಬುದು ನನ್ನ ಲೆಕ್ಕಾಚಾರವಾಗಿತ್ತು.

ಲೆಕ್ಕ ತಪ್ಪಿತು. ಬೆಳಗಾವಿಯ ಅಂಗಡಿಯೊಂದರಲ್ಲಿ ಇಟ್ಟಿದ್ದ 50 ಪ್ರತಿಗಳ ಪೈಕಿ ಎಂಟು ತಿಂಗಳ ನಂತರ 46 ಪ್ರತಿಗಳು ಮರಳಿ ಬಂದವು. ಮಾರಾಟವಾದ ನಾಲ್ಕರಲ್ಲಿ ಎರಡನ್ನು ಕೊಂಡವರು ನನ್ನ ಅಳಿಯಂದಿರೇ ಎಂದು ಆಮೇಲೆ ತಿಳಿಯಿತು! ಗೌರವಪ್ರತಿ ಸ್ವೀಕರಿಸಿದ ಮಿತ್ರರು "ಬಹಳ ಛಲೋ ಆಗೇತ್ರಿ" ಎಂದರು. ಆದರೆ ಒಬ್ಬರೂ ಒಂದು ಪುಟದ ಬಗ್ಗೆಯೂ ಪ್ರಶ್ನೆ ಕೇಳಲಿಲ್ಲ. ಕಟ್ಟುಗಳು ಅಟ್ಟವನ್ನೇರಿದವು. ಬೈದರೆ ಸಹಿಸಬಹುದು, ಯಾರೂ ಗಮನಿಸದಿರುವುದನ್ನು ಸಹಿಸುವುದು ಕಷ್ಟ. ಇಳಿವಯಸ್ಸಿನಲ್ಲಿ ಬರೆಯಲು ಕುಳಿತವನಿಗೆ ಅದು ಇನ್ನೂ ಕಷ್ಟ.

ಆ ದಿನಗಳಲ್ಲಿ ನನಗೆ ಮೇಲಿಂದ ಮೇಲೆ ನೆನಪಾಗುತ್ತಿದ್ದವರು ಗಳಗನಾಥರು. ಅವರೂ ಒಬ್ಬ ಕನ್ನಡ ಶಾಲೆಯ ಮಾಸ್ತರರು. ಇಂದಿನ ತರುಣರಲ್ಲಿ ಅನೇಕರು ಅವರ ಹೆಸರನ್ನು ಕೇಳಿರಲಿಕ್ಕಿಲ್ಲ. ಕೇಳಿದ್ದರೂ ಪರೀಕ್ಷೆಗಾಗಿ ಒಂದು ವಾಕ್ಯವನ್ನು ಬಾಯಿಪಾಠ ಮಾಡಿರಬಹುದು. ಆದ್ದರಿಂದ ಅವರ ಕಥೆಯನ್ನು ತುಸು ವಿಸ್ತಾರವಾಗಿಯೇ ಹೇಳುತ್ತೇನೆ.

ಗಳಗನಾಥರ ಪೂರ್ಣ ಹೆಸರು ವೆಂಕಟೇಶ ತಿರಕೋ ಕುಲಕರ್ಣಿ. ಅವರು ಹುಟ್ಟಿದ್ದು 1869ರಲ್ಲಿ, ಇಂದಿನ ಹಾವೇರಿ ಜಿಲ್ಲೆಯ ಗಳಗನಾಥ ಗ್ರಾಮದಲ್ಲಿ. ವರದೆಯು ತುಂಗಭದ್ರೆಯನ್ನು ಕೂಡುವ ಸ್ಥಳವದು. ಚಾಲುಕ್ಯರ ಕಾಲದ ಗಳಗೇಶ್ವರ ದೇವಾಲಯ ಅಲ್ಲಿದೆ. ಊರಿನ ಹೆಸರನ್ನೇ ಅವರು ತಮ್ಮ ಕಾವ್ಯನಾಮವಾಗಿಸಿಕೊಂಡರು. ಧಾರವಾಡದಲ್ಲಿ ಶಿಕ್ಷಕ ತರಬೇತಿ ಪಡೆದು, ಸರಕಾರಿ ಕನ್ನಡ ಶಾಲೆಗಳಲ್ಲಿ ಮಾಸ್ತರಿಕೆ ಮಾಡುತ್ತ ಬರವಣಿಗೆಗೆ ಕೈಹಚ್ಚಿದರು.

ಅಂದಿನ ಪರಿಸ್ಥಿತಿಯನ್ನು ಸ್ವಲ್ಪ ಕಲ್ಪಿಸಿಕೊಳ್ಳಬೇಕು. ನಮ್ಮ ಬೆಳಗಾವಿ, ಧಾರವಾಡ, ವಿಜಾಪುರ ಜಿಲ್ಲೆಗಳು ಆಗ ಮುಂಬಯಿ ಪ್ರಾಂತಕ್ಕೆ ಸೇರಿದ್ದವು. ಪೇಶವೆಯವರ ಕಾಲದಿಂದ ಬಂದ ಮರಾಠಿಯ ಪ್ರಾಬಲ್ಯ ಕಚೇರಿಯಲ್ಲಿಯೂ ಶಾಲೆಯಲ್ಲಿಯೂ ಬಹುಕಾಲ ಉಳಿದಿತ್ತು. ಮನೆಯಲ್ಲಿ ಕನ್ನಡ ಮಾತನಾಡುವವರೇ ಓದಲು, ಪತ್ರ ಬರೆಯಲು ಮರಾಠಿಯನ್ನು ಹಿಡಿಯುತ್ತಿದ್ದರು. ಡೆಪ್ಯುಟಿ ಚೆನ್ನಬಸಪ್ಪನವರಂಥ ಶಿಕ್ಷಣಾಧಿಕಾರಿಗಳು ಹಳ್ಳಿಹಳ್ಳಿಗೆ ತಿರುಗಿ ಕನ್ನಡ ಶಾಲೆಗಳನ್ನು ತೆರೆಸಿದರು. ನಮ್ಮ ಕಿತ್ತೂರು-ಬೈಲಹೊಂಗಲ ಸೀಮೆಯ ತುರಮರಿಯವರಾದ ಗಂಗಾಧರ ಮಡಿವಾಳೇಶ್ವರ ತುರಮರಿಯವರು ಬಾಣಭಟ್ಟನ 'ಕಾದಂಬರಿ'ಯನ್ನು ಕನ್ನಡ ಗದ್ಯಕ್ಕೆ ತಂದರು. 1890ರಲ್ಲಿ ಧಾರವಾಡದಲ್ಲಿ ಕರ್ನಾಟಕ ವಿದ್ಯಾವರ್ಧಕ ಸಂಘ ಹುಟ್ಟಿತು. ಇಷ್ಟೆಲ್ಲ ಆದರೂ 1901ರ ಜನಗಣತಿಯ ಕಾಲಕ್ಕೆ ಇಡೀ ಹಿಂದುಸ್ತಾನದಲ್ಲಿ ಅಕ್ಷರ ಬಲ್ಲವರು ಶೇಕಡಾ 5ರ ಆಸುಪಾಸು. ಆ ಐವರಲ್ಲಿ ಕನ್ನಡ ಪುಸ್ತಕವನ್ನು ಹಣ ಕೊಟ್ಟು ಕೊಳ್ಳುವವರೆಷ್ಟು? ಲೇಖಕರಿದ್ದರು, ಶಾಲೆಗಳಿದ್ದವು, ಸಂಘವೂ ಇತ್ತು. ಇಲ್ಲದವನೆಂದರೆ ಓದುಗನೊಬ್ಬನೇ.

ಗಳಗನಾಥರ ಮೊದಲ ಕಾದಂಬರಿ 'ಪ್ರಬುದ್ಧ ಪದ್ಮನಯನೆ'. ವಿದ್ಯಾವರ್ಧಕ ಸಂಘದ ಬಹುಮಾನವೂ ಅದಕ್ಕೆ ದೊರೆಯಿತು. ಬಹುಮಾನ ಬಂದ ಮಾತ್ರಕ್ಕೆ ಓದುಗರು ಬರುವುದಿಲ್ಲವೆಂಬುದು ಇಂದಿನಂತೆ ಅಂದೂ ಸತ್ಯವೇ. ರೈಲು ಹಾವೇರಿಯ ಮೂಲಕ ಹಾದುಹೋಗುತ್ತಿತ್ತು ನಿಜ. ಆದರೆ ಹಳ್ಳಿಗಳಲ್ಲಿ ಪುಸ್ತಕದಂಗಡಿ ಎಲ್ಲಿಯದು? ಆಗ ಈ ಮಾಸ್ತರರು ಮಾಡಿದ ಕೆಲಸವೇ ಅವರನ್ನು ನಮ್ಮ ನಾಡಿನಲ್ಲಿ ದಂತಕಥೆಯಾಗಿಸಿತು. ತಮ್ಮ ಪುಸ್ತಕಗಳನ್ನು ಗಂಟು ಕಟ್ಟಿ, ತಲೆಯ ಮೇಲೆ ಹೊತ್ತು, ಊರಿಂದೂರಿಗೆ ನಡೆದು, ಮನೆಮನೆಗೆ ಹೋಗಿ ಮಾರಿದರು. ಬರೆಯುವವರು ಅವರೇ, ಪ್ರಕಾಶಕರು ಅವರೇ, ಹೊತ್ತು ಮಾರುವವರೂ ಅವರೇ.

ಸಾಹಿತ್ಯಚರಿತ್ರೆಯ ಪುಸ್ತಕಗಳಲ್ಲಿ ಇದನ್ನು ಒಂದು ಸಾಲಿನಲ್ಲಿ ಹೇಳಿ ಮುಗಿಸುತ್ತಾರೆ. ನಾವು ಅದನ್ನು ಸ್ವಲ್ಪ ನಿಂತು ನೋಡಬೇಕು. ಅಂದಿನ ಸಮಾಜದಲ್ಲಿ ಕುಲಕರ್ಣಿ ಮನೆತನದವರು, ಅದರಲ್ಲೂ ಮಾಸ್ತರರು, ತಲೆಯ ಮೇಲೆ ಹೊರೆ ಹೊತ್ತು ಬೀದಿಯಲ್ಲಿ ನಡೆಯುವುದೆಂದರೆ ಸಾಮಾನ್ಯ ಸಂಗತಿಯಲ್ಲ. ಬಳೆಗಾರನೂ ಬಟ್ಟೆ ಮಾರುವವನೂ ಬರುವ ಅದೇ ದಾರಿಯಲ್ಲಿ ಕಾದಂಬರಿ ಮಾರುವವರೂ ಬಂದರು. ನಾನಾದರೋ 46 ಪುಸ್ತಕಗಳ ಕಟ್ಟನ್ನು ಬಸ್ಸಿನಿಂದಿಳಿಸಿ ಮನೆಗೆ ತರುವಾಗ ಯಾರಾದರೂ ನೋಡಿಯಾರೆಂದು ಹಿಂದಿನ ಓಣಿಯಿಂದ ಬಂದಿದ್ದೆ!

ಎರಡನೆಯ ಸಂಗತಿ ಪತ್ರಿಕೆಯದು. ಅಗಡಿಯ ಆನಂದವನದಿಂದ ಹೊರಡುತ್ತಿದ್ದ 'ಸದ್ಬೋಧ ಚಂದ್ರಿಕೆ' ಮಾಸಪತ್ರಿಕೆಯನ್ನು ಗಳಗನಾಥರು ನಡೆಸಿದರು. ಮುಂದೆ 'ಸದ್ಗುರು' ಎಂಬ ತಮ್ಮದೇ ಪತ್ರಿಕೆಯನ್ನು ಹೊರಡಿಸಿದರು. ಪತ್ರಿಕೆಯ ಮೂಲಕ ಅವರ ಕಥೆ ಕಂತುಕಂತಾಗಿ ಮನೆ ಸೇರತೊಡಗಿತು. ಮುಂದಿನ ಸಂಚಿಕೆಗಾಗಿ ಟಪಾಲಿನವನ ದಾರಿ ಕಾಯುವ ಅಭ್ಯಾಸ ಕನ್ನಡದ ಮನೆಗಳಲ್ಲಿ ಬೆಳೆಯಿತು. ಗಂಟು ಹೊತ್ತು ಹೋದಾಗ ಸಿಕ್ಕ ಓದುಗ ಒಂದು ಸಲ ಕೊಂಡು ಮರೆತುಬಿಡಬಹುದು. ತಿಂಗಳು ತಿಂಗಳು ತಪ್ಪದೆ ಬಂದದ್ದನ್ನು ಮರೆಯಲಾರ. ನಮ್ಮ ಗಂಟೆ ಬಾರಿಸುವ ಸಿಪಾಯಿಗೆ ಗೊತ್ತಿರುವ ಸತ್ಯವಿದು: ಹೊತ್ತಿಗೆ ಸರಿಯಾಗಿ ಬಾರಿಸಿದರೆ ಮಾತ್ರ ಗಂಟೆಗೆ ಬೆಲೆ.

ಮೂರನೆಯ ಸಂಗತಿ ಅವರ ಬರವಣಿಗೆಯ ರೀತಿ. ನಮ್ಮ ಜನಕ್ಕೆ ಕಾದಂಬರಿ ಹೊಸದು. ಪುರಾಣ, ಕೀರ್ತನೆ, ಪ್ರವಚನ ಹಳೆಯವು. ಗಳಗನಾಥರು ಹೊಸ ಪ್ರಕಾರಕ್ಕೆ ಹಳೆಯ ಅಂಗಿ ತೊಡಿಸಿದರು. ಇತಿಹಾಸದ ಕಥೆ, ನಡುನಡುವೆ ಧರ್ಮಬೋಧೆ, ಓದುಗರನ್ನು ಎದುರಿಗೆ ಕೂರಿಸಿಕೊಂಡು ಮಾತನಾಡುವ ಧಾಟಿ. ಅವರ ಅನೇಕ ಕೃತಿಗಳು ಮರಾಠಿಯ ಹರಿ ನಾರಾಯಣ ಆಪಟೆಯವರ ಕಾದಂಬರಿಗಳ ರೂಪಾಂತರಗಳು; ವಿಜಯನಗರದ ಪತನವನ್ನು ಹೇಳುವ 'ಕನ್ನಡಿಗರ ಕರ್ಮಕಥೆ'ಯೂ ಅಂಥದ್ದೇ. 1923ರ 'ಮಾಧವ ಕರುಣಾ ವಿಲಾಸ'ವಾದರೋ ವಿಜಯನಗರದ ಸ್ಥಾಪನೆಯನ್ನು ಕುರಿತು ಅವರದೇ ಆದ ದೊಡ್ಡ ಕೃತಿ. ರೂಪಾಂತರಕಾರರೆಂದು ಕೆಲವರು ಅವರನ್ನು ಹಗುರಾಗಿ ಕಂಡದ್ದುಂಟು. ನನಗೆ ಅದರಲ್ಲೊಂದು ಸೊಗಸಾದ ವಿನೋದ ಕಾಣುತ್ತದೆ. ಮರಾಠಿ ಕಾದಂಬರಿಗೆ ಒಲಿದಿದ್ದ ಓದುಗನನ್ನು ಅದೇ ಮರಾಠಿ ಕಥೆಯ ಎಳೆ ಹಿಡಿದೇ ಅವರು ಕನ್ನಡಕ್ಕೆ ಎಳೆದು ತಂದರು.

ಇಲ್ಲಿ ನನ್ನ ಬಾಲ್ಯದ ಒಂದು ನೆನಪು. ನಮ್ಮ ಅಜ್ಜನವರ ಟ್ರಂಕಿನಲ್ಲಿ ರಟ್ಟು ಹರಿದ ಗಳಗನಾಥರ ಕಾದಂಬರಿಯೊಂದಿತ್ತು. ಮುಖಪುಟ ಹೋಗಿದ್ದರಿಂದ ಅದು ಯಾವುದೆಂದು ಆಗ ನನಗೆ ತಿಳಿದಿರಲಿಲ್ಲ. ಸುಗ್ಗಿ ಮುಗಿದ ಮೇಲೆ ಕಂದೀಲಿನ ಬೆಳಕಿನಲ್ಲಿ ಅಜ್ಜ ಅದನ್ನು ಗಟ್ಟಿಯಾಗಿ ಓದುತ್ತಿದ್ದರು. ಕಟ್ಟೆಯ ಮೇಲೆ ಏಳೆಂಟು ಜನ ಗಂಡಸರು, ಬಾಗಿಲ ಒಳಗೆ ಅಷ್ಟೇ ಜನ ಹೆಂಗಸರು. ಅವರಲ್ಲಿ ಓದಬಲ್ಲವರು ಅಜ್ಜ ಒಬ್ಬರೇ. ನಾಯಕಿಗೆ ಕಷ್ಟ ಬಂದಾಗ ಒಳಗಿನಿಂದ ನಿಟ್ಟುಸಿರು ಕೇಳಿಸುತ್ತಿತ್ತು. ಒಂದು ಪ್ರತಿಗೆ ಹದಿನೈದು ಓದುಗರು! ಜನಗಣತಿಯ ಶೇಕಡಾವಾರಿನಲ್ಲಿ ಸಿಗದ ಓದುಗರಿವರು. ಗಳಗನಾಥರ ಗಂಟಿನಿಂದ ಮಾರಾಟವಾದ ಪ್ರತಿಯೊಂದು ಪುಸ್ತಕದ ಹಿಂದೆ ಇಂಥದೊಂದು ಕಟ್ಟೆ ಇದ್ದೀತೆಂದು ನಾನು ಊಹಿಸುತ್ತೇನೆ.

ಗಳಗನಾಥರಿಗೆ ಪುಸ್ತಕವಿತ್ತು, ಓದುಗನಿರಲಿಲ್ಲ. ಅವರ ಕಿರಿಯ ಸಮಕಾಲೀನರಾದ ಫ. ಗು. ಹಳಕಟ್ಟಿಯವರ ಪಾಡು ಇನ್ನೂ ವಿಚಿತ್ರ. ಅವರಿಗೆ ಪುಸ್ತಕ ಅಚ್ಚು ಮಾಡುವವರೇ ಮೊದಲು ಸಿಗಲಿಲ್ಲ. 1880ರಲ್ಲಿ ಧಾರವಾಡದಲ್ಲಿ ಹುಟ್ಟಿ ವಿಜಾಪುರದಲ್ಲಿ ವಕೀಲರಾಗಿದ್ದ ಅವರು, ಮಠಗಳಲ್ಲಿ, ಮನೆಗಳ ಜಗಲಿಗಳ ಮೇಲೆ ಪೂಜೆಗೊಳ್ಳುತ್ತ ಕುಳಿತಿದ್ದ ತಾಡೋಲೆಗಳಿಂದ ಶರಣರ ವಚನಗಳನ್ನು ವರ್ಷಗಟ್ಟಲೆ ಸಂಗ್ರಹಿಸಿದರು. ಹಸ್ತಪ್ರತಿಯನ್ನು ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯಕ್ಕೆ ಕಳಿಸಿದರೆ ಅದು ಮುದ್ರಣಗೊಳ್ಳದೆ ಹಿಂದಿರುಗಿತು. ಕೊನೆಗೆ 'ವಚನ ಶಾಸ್ತ್ರ ಸಾರ'ದ ಮೊದಲ ಭಾಗ 1923ರಲ್ಲಿ ನಮ್ಮ ಬೆಳಗಾವಿಯ ಮಹಾವೀರ ಮುದ್ರಣಾಲಯದಲ್ಲಿ ಅಚ್ಚಾಯಿತು. ಇದೇ ವರ್ಷದಲ್ಲಿ 'ಮಾಧವ ಕರುಣಾ ವಿಲಾಸ'ವೂ ಬಂದದ್ದು ಕಾಕತಾಳೀಯ.

ಹಳಕಟ್ಟಿಯವರು ಅಲ್ಲಿಗೆ ನಿಲ್ಲಲಿಲ್ಲ. 1925ರಲ್ಲಿ ವಿಜಾಪುರದಲ್ಲಿ 'ಹಿತಚಿಂತಕ' ಮುದ್ರಣಾಲಯವನ್ನು ಸ್ಥಾಪಿಸಿದರು. ಅದಕ್ಕಾಗಿ ಇದ್ದ ಮನೆಯನ್ನೇ ಮಾರಿದರೆಂದು ನಮ್ಮ ಕಡೆ ಹಿರಿಯರು ಹೇಳುತ್ತಾರೆ. 1926ರಲ್ಲಿ 'ಶಿವಾನುಭವ' ಪತ್ರಿಕೆ ಆರಂಭವಾಯಿತು. ಅದೇ ವರ್ಷ ಬಳ್ಳಾರಿಯ ಕನ್ನಡ ಸಾಹಿತ್ಯ ಸಮ್ಮೇಳನಕ್ಕೆ ಅವರು ಅಧ್ಯಕ್ಷರಾದರು. ವಕೀಲಿಯ ಗಳಿಕೆಯೆಲ್ಲ ಕಾಗದ, ಮಸಿ, ಅಚ್ಚುಮೊಳೆಗಳಿಗೆ ಹೋಯಿತು. ಹರಿದ ಕೋಟು ತೊಟ್ಟು ಓಡಾಡುತ್ತಿದ್ದ ಅವರ ಚಿತ್ರವನ್ನು ಕಂಡವರು ಹೇಳಿದ್ದನ್ನು ನಾವೆಲ್ಲ ಕೇಳಿ ಬೆಳೆದಿದ್ದೇವೆ. ಅವರು ತೀರಿಕೊಂಡದ್ದು 1964ರಲ್ಲಿ. ಮುಂದೆ ಕರ್ನಾಟಕ ಸರಕಾರವೇ ಸಮಗ್ರ ವಚನ ಸಾಹಿತ್ಯವನ್ನು 15 ಸಂಪುಟಗಳಲ್ಲಿ ಹೊರತಂದಿತು. ಅಂದು ಹಿಂದಿರುಗಿ ಬಂದ ಆ ಹಸ್ತಪ್ರತಿಯ ಕಟ್ಟನ್ನು ಅವರು ಬೇಸತ್ತು ಅಟ್ಟಕ್ಕೆ ಏರಿಸಿದ್ದರೆ ಏನಾಗುತ್ತಿತ್ತು?

ಈ ಇಬ್ಬರ ಕಥೆಯನ್ನು ಶಾಲೆಯಲ್ಲಿ ನಾನು ಎಷ್ಟೋ ಸಲ ಹೇಳಿದ್ದೇನೆ. ಹೇಳುವಾಗ "ಪರಿಶ್ರಮಕ್ಕೆ ಫಲವಿದೆ, ಮಕ್ಕಳೇ" ಎಂದು ಮುಗಿಸುತ್ತಿದ್ದೆ. ಈಗ ಹಾಗೆ ಹೇಳಲು ಬಾಯಿ ಬಾರದು. ಗಳಗನಾಥರು 1942ರಲ್ಲಿ ತೀರಿಕೊಂಡಾಗ ಸಿರಿವಂತರಾಗಿರಲಿಲ್ಲ. ಅವರು ತಯಾರು ಮಾಡಿದ ಓದುಗರು ಆಗಲೇ ಬೇರೆ ರೀತಿಯ ಕಾದಂಬರಿಗಳತ್ತ ಹೊರಳಿದ್ದರು. ಕಾರಂತರು, ಅ.ನ.ಕೃ. ಅವರಂಥ ಹೊಸಬರು ಬಂದಿದ್ದರು. ಧಾರವಾಡದಲ್ಲಿ ಜಿ. ಬಿ. ಜೋಶಿಯವರು 1933ರಲ್ಲಿ ಆರಂಭಿಸಿದ ಮನೋಹರ ಗ್ರಂಥಮಾಲೆ ಚಂದಾದಾರರನ್ನು ಕಟ್ಟಿಕೊಳ್ಳುತ್ತಿತ್ತು. ಹೊಲ ಹಸನು ಮಾಡಿದವರು ಒಬ್ಬರು, ಬೆಳೆ ತೆಗೆದವರು ಇನ್ನೊಬ್ಬರು. ಓದುಗನನ್ನು ಹುಡುಕಿ ತಂದವನಿಗೆ ಆ ಓದುಗನ ಮೇಲೆ ಹಕ್ಕೇನೂ ಹುಟ್ಟುವುದಿಲ್ಲ. ಇದನ್ನು ಅರಿತೂ ಗಂಟು ಹೊರುವುದಾದರೆ ಹೊರಬೇಕು.

ಇರಲಿ, ನನ್ನ ಕಥೆಗೆ ಬರುತ್ತೇನೆ. ಒಂದು ದಿನ ಅಟ್ಟದಿಂದ ಒಂದು ಕಟ್ಟು ಇಳಿಸಿ, ಕೈಚೀಲದಲ್ಲಿ ಹತ್ತು ಪ್ರತಿ ಹಾಕಿಕೊಂಡು ವಾರದ ಸಂತೆಗೆ ಹೋದೆ. ತಲೆಯ ಮೇಲೆ ಹೊರುವ ಧೈರ್ಯ ಬರಲಿಲ್ಲ! ಪರಿಚಯದ ಕಿರಾಣಿ ಅಂಗಡಿಯ ಮುಂದೆ ಕುಳಿತೆ. ಮೊದಲ ಒಂದು ತಾಸು ಬಂದವರೆಲ್ಲ ನಮಸ್ಕಾರ ಮಾಡಿ, ಆರೋಗ್ಯ ವಿಚಾರಿಸಿ ಹೋದರು. ಆಮೇಲೆ ಒಬ್ಬ ರೈತರು ಪುಸ್ತಕ ಎತ್ತಿಕೊಂಡು ತಿರುವಿ ಹಾಕಿ ಕೇಳಿದರು: "ಮಾಸ್ತರ್ರ, ಇದರಾಗ ನಮ್ಮೂರ ಹೆಸರು ಐತೇನ್ರಿ?"

ಇತ್ತು. ಪುಟ ತೆಗೆದು ಅವರ ಊರ ಅಗಸೆಯ ಹತ್ತಿರದ ವೀರಗಲ್ಲಿನ ಬಗ್ಗೆ ಬರೆದದ್ದನ್ನು ಓದಿ ಹೇಳಿದೆ. ನಾಲ್ಕೈದು ಜನ ಸೇರಿದರು. ಓದಿ ಮುಗಿಸುವಷ್ಟರಲ್ಲಿ ಆ ರೈತರು, "ತಪ್ಪ ಬರದೀರ್ರಿ. ಆ ಕಲ್ಲು ಮೊದಲ ಅಗಸ್ಯಾಗ ಇರಲಿಲ್ಲ, ಕೆರಿ ದಂಡಿ ಮ್ಯಾಲಿತ್ತು. ನಮ್ಮಪ್ಪ ನೋಡ್ಯಾನ" ಎಂದರು. ಎರಡು ವರ್ಷಗಳಲ್ಲಿ ನನ್ನ ಪುಸ್ತಕದ ಬಗ್ಗೆ ಒಬ್ಬರು ಆಡಿದ ಮೊದಲ ನಿಜವಾದ ಮಾತದು. ನನ್ನ ತಪ್ಪನ್ನು ತಿದ್ದಿದ ಆ ಮಹನೀಯರೇ ನನ್ನ ಮೊದಲ ಓದುಗರು. ಹಣ ಕೊಟ್ಟು ಒಂದು ಪ್ರತಿ ಕೊಂಡರು. ಮೊಮ್ಮಗನ ಕೈಯಲ್ಲಿ ಓದಿಸಿ ಕೇಳುತ್ತೇನೆಂದರು.

ಆ ದಿನ ಮೂರು ಪ್ರತಿ ಹೋದವು. ಮುಂದಿನ ವಾರವೂ ಹೋದೆ, ಅದರ ಮುಂದಿನ ವಾರವೂ. "ಮಾಸ್ತರು ಬಂದಾರೇನು?" ಎಂದು ಕೇಳಿಕೊಂಡು ಬರುವವರಾದರು. ಕೆಲವರು ಕೊಂಡರು, ಹಲವರು ಕೇಳಿ ಹೋದರು, ಒಬ್ಬಿಬ್ಬರು ವಾದಿಸಿದರು. ಅಟ್ಟದ ಮೇಲೆ ಈಗ ಉಳಿದಿರುವುದು 40 ಪ್ರತಿಗಳ ಒಂದೇ ಕಟ್ಟು. ಅದರೊಂದಿಗೆ ಜನ ತಿದ್ದಿಸಿದ ತಪ್ಪುಗಳ ನೋಟುಬುಕ್ಕೂ ಇದೆ. ಅದರಲ್ಲಿ ಈವರೆಗೆ 31 ತಿದ್ದುಪಡಿಗಳಾಗಿವೆ. ಎರಡನೆಯ ಮುದ್ರಣವಾದರೆ ಮೊದಲು ತಿದ್ದಬೇಕಾದದ್ದು ಆ ವೀರಗಲ್ಲಿನ ಜಾಗ.